ನಿದ್ದೆಯ ನಾಡಿ

ಕನ್ನಡದಲ್ಲಿ ಕತ್ತಿಗೆ ಹೆಸರುಗಳ ಬಡತನವೇನೂ ಇಲ್ಲ. ಕತ್ತು ಇದೆ, ಕುತ್ತಿಗೆ ಇದೆ, ಕೊರಳು ಇದೆ, ಗೋಣು ಇದೆ, ಗಂಟಲು ಇದೆ. ಸಂಸ್ಕೃತದಿಂದ ಬಂದ ಕಂಠ, ಗ್ರೀವೆಗಳು ಬೇರೆ. ಇವು ಒಂದರ ಜಾಗದಲ್ಲಿ ಇನ್ನೊಂದು ನಿಲ್ಲತಕ್ಕವಲ್ಲವೆಂಬುದು ವ್ಯಾಕರಣ ಓದದವನಿಗೂ ಗೊತ್ತು. ಹಾರ ಬೀಳುವುದು ಕೊರಳಿಗೆ, ಹಿಸುಕುವುದು ಕತ್ತನ್ನು, ಒಪ್ಪಿಗೆಗೆ ಆಡಿಸುವುದು ಗೋಣನ್ನು, ದುಃಖ ಒತ್ತರಿಸಿದಾಗ ಕಟ್ಟಿಕೊಳ್ಳುವುದು ಗಂಟಲು. ಹಿಂಬದಿಗೆ ಹೆಕ್ಕತ್ತು ಎಂಬ ಬೇರೆಯ ಹೆಸರೇ ಉಂಟು. ಇಷ್ಟೆಲ್ಲ ಇದ್ದೂ, ಕಿವಿಯ ಬುಡದಿಂದ ಕೊರಳೆಲುಬಿನವರೆಗೆ ಇಳಿಯುವ ಪಕ್ಕದ ಪ್ರದೇಶವನ್ನು ನಾವು ‘ಕತ್ತಿನ ಪಕ್ಕ’ ಎಂದು ಎರಡು ಮಾತಿನಲ್ಲಿ ಹೇಳಿ ಮುಗಿಸಿಬಿಡುತ್ತೇವೆ. ಮನುಷ್ಯನ ಪ್ರಾಣ, ಎಚ್ಚರ, ದನಿ ಈ ಮೂರೂ ಹಾದುಹೋಗುವ ಹೆದ್ದಾರಿ ಅದು ಎಂಬುದನ್ನು ನೆನೆದರೆ ಇದು ಸ್ವಲ್ಪ ಅನ್ಯಾಯವೇ ಸರಿ.

ಈ ವಿಚಾರ ನನ್ನ ತಲೆಗೆ ಹೊಕ್ಕಿದ್ದು ನಮ್ಮ ಕಾಲೇಜಿನ ಅಧ್ಯಾಪಕರ ಕೊಠಡಿಯಲ್ಲಿ. ಪ್ರಾಣಿಶಾಸ್ತ್ರದ ಮಿತ್ರರೊಬ್ಬರು ಕನ್ನಡ ಮಾಧ್ಯಮದಿಂದ ಬಂದ ಹುಡುಗರಿಗೆಂದು ಶರೀರರಚನೆಯ ಕೆಲವು ಪಾಠಗಳನ್ನು ಕನ್ನಡದಲ್ಲಿ ಬರೆಯುತ್ತಿದ್ದರು. ಒಂದು ದಿನ ಹಾಳೆಯನ್ನು ನನ್ನ ಮುಂದೆ ಚಾಚಿ, “ಮೇಷ್ಟ್ರೇ, ಕ್ಯಾರೊಟಿಡ್ ಅಂತ ಕತ್ತಿನಲ್ಲಿ ಒಂದು ಧಮನಿ ಇದೆಯಲ್ಲ, ಅದಕ್ಕೆ ನಿದ್ರಾಧಮನಿ ಅಂತ ಹಾಕಿದೀನಿ. ಗ್ರೀಕಿನಲ್ಲಿ ಅದರ ಅರ್ಥ ನಿದ್ದೆ ಅಂತಲೇ ಅಂತೆ. ನೀವು ಹೂಂ ಅಂದರೆ ಆಯಿತು” ಎಂದರು. ನಾನು ಹೂಂ ಎನ್ನಲಿಲ್ಲ. “ನಿದ್ದೆಗೂ ಅದಕ್ಕೂ ಏನ್ರೀ ಸಂಬಂಧ?” ಎಂದೆ. ಅವರು ನಕ್ಕು, “ಸಂಬಂಧ ಹುಡುಕೋದು ಕನ್ನಡದವರ ಕೆಲಸ” ಎಂದು ಕ್ಲಾಸಿಗೆ ಹೊರಟುಹೋದರು. ಹುಡುಕುತ್ತ ಹೋದಾಗ ಎರಡು ಸಾವಿರ ವರ್ಷಕ್ಕೂ ಮೀರಿದ ಒಂದು ವ್ಯಾಜ್ಯದ ಕಡತವೇ ಬಿಚ್ಚಿಕೊಂಡಿತು.

ಮೊದಲು ಸ್ಥಳಪರಿಚಯವಾಗಲಿ. ಓದುಗರು ಕನ್ನಡಿಯ ಮುಂದೆ ನಿಂತು ತಲೆಯನ್ನು ಬಲಕ್ಕೆ ತಿರುಗಿಸಿದರೆ, ಎಡಕಿವಿಯ ಹಿಂದಿನ ಎಲುಬಿನ ಉಬ್ಬಿನಿಂದ ಹೊರಟು ಓರೆಯಾಗಿ ಇಳಿದು ಎದೆಯ ನಡುವೆ ಬಂದು ಸೇರುವ ದಪ್ಪನೆಯ ಹುರಿಯೊಂದು ಎದ್ದು ಕಾಣುತ್ತದೆ. ಅದೊಂದು ಸ್ನಾಯು. ಅದರ ಹೆಸರು ಸ್ಟರ್ನೊಕ್ಲೈಡೊಮಾಸ್ಟಾಯಿಡ್. ಎದೆಯೆಲುಬು, ಕೊರಳೆಲುಬು, ಕಿವಿಯ ಹಿಂದಣ ಎಲುಬು ಎಂಬ ಮೂರು ಎಲುಬುಗಳ ಹೆಸರನ್ನು ಪೋಣಿಸಿ ಮಾಡಿದ ಸಮಾಸ; ನಮ್ಮ ಹಳೆಯ ಗದ್ಯಕಾರರೂ ಮೆಚ್ಚಬಹುದಾದಷ್ಟು ಉದ್ದವಾಗಿದೆ. ಈ ಸ್ನಾಯುವಿನ ಮರೆಯಲ್ಲಿ ಒಂದೇ ಒರೆಯೊಳಗೆ ಮೂರು ಕತ್ತಿಗಳನ್ನು ಇಟ್ಟಂತೆ ಮೂರು ವಸ್ತುಗಳು ಜೊತೆಯಾಗಿ ಸಾಗುತ್ತವೆ. ಹೃದಯದ ಕಡೆಯಿಂದ ತಲೆಗೆ ಏರುವ ಕ್ಯಾರೊಟಿಡ್ ಧಮನಿ. ತಲೆಯಿಂದ ಇಳಿಯುವ ಜುಗುಲರ್ ಸಿರೆ. ಇವೆರಡರ ನಡುವೆ ಹಿಂದಕ್ಕೆ ಸರಿದು ಕುಳಿತ ವೇಗಸ್ ಎಂಬ ನರ. ಗಂಟಲಿನ ಉಬ್ಬಿನ ಪಕ್ಕದಲ್ಲಿ ಎರಡು ಬೆರಳನ್ನು ಮೆಲ್ಲಗೆ ಇಟ್ಟರೆ ಧಮನಿಯ ಮಿಡಿತ ಸಿಗುತ್ತದೆ. ಮೆಲ್ಲಗೆ ಎಂದೆ, ಒಂದೇ ಪಕ್ಕ ಎಂಬುದನ್ನೂ ಸೇರಿಸುತ್ತೇನೆ. ಎರಡೂ ಪಕ್ಕಗಳನ್ನು ಒಟ್ಟಿಗೆ ಒತ್ತಕೂಡದು. ಏಕೆಂಬುದೇ ಈ ಕಥೆ.

ಒತ್ತಿದರೆ ಏನಾಗುತ್ತದೆಂಬುದು ಗ್ರೀಕರಿಗೆ ಚೆನ್ನಾಗಿ ಗೊತ್ತಿತ್ತು. ಅರಿಸ್ಟಾಟಲನು ಪ್ರಾಣಿಗಳನ್ನು ಕುರಿತ ತನ್ನ ದೊಡ್ಡ ಗ್ರಂಥದಲ್ಲಿ, ಕತ್ತಿನ ಈ ನಾಳಗಳನ್ನು ಹೊರಗಿನಿಂದ ಹಿಡಿದರೆ ಉಸಿರು ಕಟ್ಟದಿದ್ದರೂ ಮನುಷ್ಯ ಕಣ್ಣು ಮುಚ್ಚಿ, ಸ್ಮೃತಿ ತಪ್ಪಿ ಬಿದ್ದುಬಿಡುತ್ತಾನೆಂದು ಬರೆದಿದ್ದಾನೆ. ಅವನು ಬಳಸಿದ ಹೆಸರು ಸ್ಫಗಿಟಿಡಿಸ್. ವಧೆ, ಕತ್ತು ಕೊಯ್ಯುವುದು ಎಂಬ ಮಾತಿನಿಂದ ಹುಟ್ಟಿದ್ದು. ಆಮೇಲೆ ಬಂದ ಹೆಸರು ಕರೋಟಿಡಿಸ್. ಕರೋಸ್ ಎಂದರೆ ಜಡನಿದ್ರೆ, ಮಂಪರು, ಎಬ್ಬಿಸಿದರೂ ಏಳದಂಥ ನಿದ್ದೆ. ಮಂಪರು ಬರಿಸುವ ನಾಳಗಳು ಎಂದು ತಾತ್ಪರ್ಯ. ಜುಗುಲರ್ ಎಂಬ ಲ್ಯಾಟಿನ್ ಹೆಸರು ಗಂಟಲ ಗುಳಿಯನ್ನು ಹೇಳುವ ಮಾತಿನಿಂದ ಬಂದದ್ದು. ಅದರ ಬೇರು ನೊಗ ಎಂಬರ್ಥದ ಪದ, ನಮ್ಮ ಸಂಸ್ಕೃತದ ‘ಯುಗ’ದ ಸೋದರ. ಹೀಗೆ ಕತ್ತಿನ ಪಕ್ಕದಲ್ಲಿ ಒಂದು ನಾಳಕ್ಕೆ ನಿದ್ದೆಯೂ ಇನ್ನೊಂದಕ್ಕೆ ನೊಗವೂ ಹೆಸರಾಗಿ ನಿಂತವು. ಹೆಸರಿಟ್ಟವರು ಯಾರೋ, ಕತ್ತೆಂದರೆ ಏನೆಂದು ಬಲ್ಲವರಾಗಿದ್ದರು.

ಇನ್ನು ವ್ಯಾಜ್ಯ. ಕ್ರಿ.ಶ. ಸುಮಾರು 100ರ ಹೊತ್ತಿಗೆ ಎಫೆಸಸ್ ಪಟ್ಟಣದ ರೂಫಸ್ ಎಂಬ ವೈದ್ಯ ದೇಹದ ಭಾಗಗಳ ಹೆಸರುಗಳನ್ನು ಕುರಿತೇ ಒಂದು ಪುಸ್ತಕ ಬರೆದ. ವೈದ್ಯಕೀಯದಲ್ಲಿ ನಿಘಂಟುಕಾರನ ಮನಸ್ಸುಳ್ಳ ಮನುಷ್ಯ. ನನ್ನಂಥವರಿಗೆ ಇವನಲ್ಲಿ ಸಹಜವಾಗಿಯೇ ಪ್ರೀತಿ. ಅವನು ಹೇಳುವುದು ಇಷ್ಟು: ಹಿಂದಿನವರು ಈ ನಾಳಗಳಿಗೆ ಮಂಪರಿನ ಹೆಸರಿಟ್ಟರು, ಏಕೆಂದರೆ ಗಟ್ಟಿಯಾಗಿ ಒತ್ತಿದಾಗ ಪ್ರಾಣಿಗೆ ಮಂಪರು ಕವಿಯುತ್ತಿತ್ತು, ದನಿಯೂ ಹೋಗುತ್ತಿತ್ತು. ಆದರೆ ಹಾಗಾಗುವುದು ನಾಳಗಳಿಂದಲ್ಲ, ಅವುಗಳಿಗೆ ಅಂಟಿಕೊಂಡಿರುವ ನರಗಳಿಂದ ಎಂದು ತನ್ನ ಕಾಲದಲ್ಲಿ ಕಂಡುಕೊಂಡಿದ್ದಾರೆ. ಆದ್ದರಿಂದ ಯಾರಾದರೂ ಈ ಹೆಸರನ್ನು ಬದಲಾಯಿಸಬಯಸಿದರೆ ಅದು ತಪ್ಪಾಗದು. ಎಷ್ಟು ಸೌಜನ್ಯದ ಸಲಹೆ! ಯಾರೂ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ರೂಫಸ್ ಮೆಲ್ಲಗೆ ಹೇಳಿದ್ದನ್ನು ಗಲಾಟೆ ಮಾಡಿ ಹೇಳಿದವನು ಗೇಲನ್. ಕ್ರಿ.ಶ. 129ರಲ್ಲಿ ಈಗಿನ ತುರ್ಕಿಯಲ್ಲಿರುವ ಪರ್ಗಮಮ್ ನಗರದಲ್ಲಿ ಹುಟ್ಟಿದ ಈತನ ತಂದೆ ವಾಸ್ತುಶಿಲ್ಪಿ. ಗೇಲನ್ 157ರಲ್ಲಿ ಊರಿನ ಕತ್ತಿಮಲ್ಲರಿಗೆ, ಎಂದರೆ ಜನರ ವಿನೋದಕ್ಕಾಗಿ ಅಖಾಡದಲ್ಲಿ ಕಾದಾಡುವ ಗ್ಲಾಡಿಯೇಟರುಗಳಿಗೆ ವೈದ್ಯನಾದ. ಕತ್ತಿನ ಪಕ್ಕದ ಗಾಯಗಳನ್ನು ನೋಡಲು ಅದಕ್ಕಿಂತ ಒಳ್ಳೆಯ, ಅಥವಾ ಕೆಟ್ಟ, ಪಾಠಶಾಲೆ ಇರಲಾರದು. 162ರಲ್ಲಿ ರೋಮಿಗೆ ಬಂದ. ವಿದ್ಯೆಯಷ್ಟೇ ಜಂಬವೂ ಇದ್ದ ಮನುಷ್ಯ. ತನ್ನನ್ನು ತಾನು ಹೊಗಳಿಕೊಳ್ಳದ ಪುಟ ಅವನ ಗ್ರಂಥಗಳಲ್ಲಿ ಅಪರೂಪ.

ಗೇಲನ್ ಪ್ರಾಣಿಗಳ ಕತ್ತನ್ನು ಸೀಳಿ, ನರವನ್ನು ಧಮನಿಯಿಂದ ಜಾಗರೂಕತೆಯಿಂದ ಬಿಡಿಸಿ, ಧಮನಿಯೊಂದನ್ನೇ ದಾರದಿಂದ ಕಟ್ಟಿ ನೋಡಿದ. ಪ್ರಾಣಿಗೆ ಮಂಪರೂ ಬರಲಿಲ್ಲ, ದನಿಯೂ ಹೋಗಲಿಲ್ಲ. ನರವನ್ನು ಕಟ್ಟಿದ, ದನಿ ಥಟ್ಟನೆ ನಿಂತಿತು. ಹಿಂದಿನವರು ಎರಡನ್ನೂ ಸೇರಿಸಿ ಕಟ್ಟಿದ್ದರು, ಆದ್ದರಿಂದ ನರದ ಅಪರಾಧವನ್ನು ಧಮನಿಯ ಮೇಲೆ ಹೊರಿಸಿದರು ಎಂದು ತೀರ್ಪಿತ್ತ. ಅಷ್ಟಕ್ಕೇ ನಿಲ್ಲದೆ ದನಿಯನ್ನು ಆಳುವ ನರ ಯಾವುದೆಂದು ಬೆನ್ನಟ್ಟಿಹೋದ. ಕೂದಲೆಳೆಯಂಥ ಆ ನರದ ದಾರಿ ವಿಚಿತ್ರವಾಗಿದೆ. ಮಿದುಳಿನಿಂದ ಹೊರಟು ವೇಗಸ್ಸಿನ ಜೊತೆಯಲ್ಲಿ ಕತ್ತಿನ ಪಕ್ಕದಲ್ಲೇ ಇಳಿಯುತ್ತದೆ. ಪಕ್ಕದಲ್ಲೇ ಗಂಟಲಿದ್ದರೂ ಅಲ್ಲಿ ನಿಲ್ಲದೆ ಕೆಳಕ್ಕೆ ಹೋಗಿ, ಎಡಗಡೆಯದು ಎದೆಯೊಳಗೆ ಮಹಾಧಮನಿಯನ್ನೂ ಬಲಗಡೆಯದು ಕತ್ತಿನ ಬುಡದಲ್ಲಿ ತೋಳಿಗೆ ಹೋಗುವ ಧಮನಿಯನ್ನೂ ಬಳಸಿ, ಮತ್ತೆ ಮೇಲಕ್ಕೆ ಏರಿ ಬಂದು ದನಿಪೆಟ್ಟಿಗೆಯನ್ನು ಮುಟ್ಟುತ್ತದೆ. ಓಟದ ಪಂದ್ಯದಲ್ಲಿ ಗುರುತುಗಂಬವನ್ನು ಸುತ್ತಿ ತಿರುಗಿ ಬರುವ ಓಟಗಾರನಿಗೆ ಗೇಲನ್ ಇದನ್ನು ಹೋಲಿಸಿದ. ಮರಳಿ ಬರುವ ನರ ಎಂದೇ ಅದರ ಹೆಸರಾಯಿತು. ಮೀನಿನ ಕಿವಿರುಗಳ ಕಾಲದಿಂದ ಬಂದ ಹಳೆಯ ಏರ್ಪಾಡು ಇದು, ಕತ್ತು ಬೆಳೆದಂತೆ ನರ ಎಳೆದುಕೊಂಡು ಹೋಯಿತು ಎಂದು ಈಗಿನವರು ವಿವರಿಸುತ್ತಾರೆ. ಜಿರಾಫೆಯಲ್ಲಿ ಇದೇ ನರ ಹಲವು ಮೀಟರು ಉದ್ದದ ಪ್ರದಕ್ಷಿಣೆ ಮಾಡುತ್ತದೆ.

ಇದು ಕೇವಲ ಕಸಾಯಿಖಾನೆಯ ಕುತೂಹಲವಾಗಿರಲಿಲ್ಲ. ಬುದ್ಧಿ ಇರುವುದು ಎದೆಯಲ್ಲೋ ತಲೆಯಲ್ಲೋ ಎಂಬುದು ಆಗಿನ ಮಹಾ ಚರ್ಚೆ. ಮಾತು ಬುದ್ಧಿಯಿಂದ ಹುಟ್ಟತಕ್ಕದ್ದು, ದನಿ ಬರುವುದು ಎದೆಯ ಕಡೆಯಿಂದ, ಆದ್ದರಿಂದ ಬುದ್ಧಿ ಹೃದಯದಲ್ಲಿದೆ ಎಂದು ಸ್ಟೋಯಿಕ್ ಪಂಥದವರು ವಾದಿಸುತ್ತಿದ್ದರು. ಗೇಲನ್ನನ ನರ ಎದೆಯಿಂದಲೇ ಮೇಲೇರಿ ಬರುವಂತೆ ಕಂಡರೂ ಅದರ ಮೂಲ ಮಿದುಳು. ತತ್ತ್ವಶಾಸ್ತ್ರದ ಒಂದು ಕೋಟೆ ಕೂದಲೆಳೆಗೆ ಸಿಕ್ಕಿ ಉರುಳಿತು.

ರೋಮಿನಲ್ಲಿ ಬೋಯೆಥಸ್ ಎಂಬ ದೊಡ್ಡ ಅಧಿಕಾರಿಯ ಆಶ್ರಯದಲ್ಲಿ ಇದರ ಬಹಿರಂಗ ಪ್ರದರ್ಶನ ಏರ್ಪಾಡಾಯಿತು. ಹಂದಿಗಳನ್ನೂ ಆಡಿನ ಮರಿಗಳನ್ನೂ ತರಿಸಿದ್ದರು. ಗಟ್ಟಿಯಾಗಿ ಕಿರುಚುವ ಪ್ರಾಣಿಯೇ ಇದಕ್ಕೆ ಬೇಕು. ವಿದ್ವಾಂಸರ ಸಭೆ ನೆರೆದಿದೆ. ಗೇಲನ್ ತಾನು ಏನನ್ನು ತೋರಿಸಲಿದ್ದೇನೆಂದು ಹೇಳಿ ಮುಗಿಸುವುದರೊಳಗೆ ಡಮಾಸ್ಕಸ್ಸಿನ ಅಲೆಕ್ಸಾಂಡರ್ ಎಂಬ ಅರಿಸ್ಟಾಟಲ್ ಪಂಥದ ಪಂಡಿತ ಅಡ್ಡಬಾಯಿ ಹಾಕಿದ: ಕಣ್ಣಿಗೆ ಕಂಡದ್ದನ್ನು ನಂಬಬೇಕೆಂಬುದನ್ನು ನಾವು ಮೊದಲು ಒಪ್ಪಿಕೊಂಡಾಯಿತೆ? ಗೇಲನ್ ಕೆರಳಿದ. ಇಂಥ ಹಳ್ಳಿಗಾಡಿನ ಸಂದೇಹವಾದಿಗಳ ಮಧ್ಯೆ ಬಂದೆನೆಂದು ಗೊತ್ತಿದ್ದರೆ ಬರುತ್ತಲೇ ಇರಲಿಲ್ಲವೆಂಬರ್ಥದ ಮಾತನ್ನಾಡಿ ಎದ್ದು ಹೊರಟೇಹೋದ. ಆಮೇಲೆ ಹಿರಿಯರು ಸಮಾಧಾನ ಮಾಡಿ ಕರೆತಂದು ಹಲವು ದಿನ ಪ್ರದರ್ಶನ ನಡೆಸಿದರು. ನಮ್ಮ ಸಾಹಿತ್ಯಗೋಷ್ಠಿಗಳನ್ನು ಬಲ್ಲವರಿಗೆ ಈ ದೃಶ್ಯ ಹೊಸದೆನಿಸಲಾರದು. ಹಂದಿ ಕಿರುಚುತ್ತಿದೆ, ದಾರ ಬಿಗಿದರೆ ಮೌನ, ದಾರ ಸಡಿಲಿಸಿದರೆ ಮತ್ತೆ ಕಿರುಚಾಟ. ಸಭೆ ಬೆರಗಾಯಿತು. ಆ ಮೌನದ ಹೊತ್ತಿನಲ್ಲಿ ಹಂದಿಗೆ ನೋವೇನೂ ನಿಂತಿರಲಿಲ್ಲವಲ್ಲ ಎಂಬ ಯೋಚನೆ ಸಭೆಯಲ್ಲಿ ಯಾರಿಗಾದರೂ ಬಂದಿರಬಹುದೆ? ಗೇಲನ್ನನಿಗಂತೂ ಬಂದಂತೆ ಕಾಣೆ.

ಆದರೆ ಅವನೇ ಬರೆದ ಇನ್ನೊಂದು ಪ್ರಸಂಗವುಂಟು, ಅದನ್ನು ಓದಿದ ಮೇಲೆ ಪುಸ್ತಕವನ್ನು ಮುಚ್ಚಿಟ್ಟು ಸ್ವಲ್ಪ ಹೊತ್ತು ಕುಳಿತೆ. ಒಬ್ಬ ಹುಡುಗನಿಗೆ ಕತ್ತಿನಲ್ಲಿ ಗಂಡಮಾಲೆ ಎದ್ದಿತ್ತು; ಕೊರಳ ಸುತ್ತ ಮಾಲೆಯಂತೆ ಗಂಟುಗಳು ಏಳುವ ರೋಗಕ್ಕೆ ನಮ್ಮವರು ಇಟ್ಟ ಹೆಸರು ಅದು, ಎಷ್ಟು ಸುಂದರ ಹೆಸರು ಎಂಥ ಕುರೂಪ ರೋಗಕ್ಕೆ! ಶಸ್ತ್ರವೈದ್ಯನೊಬ್ಬ ನಾಳಗಳನ್ನು ಕತ್ತರಿಸಿಬಿಟ್ಟೇನೆಂಬ ಭಯದಿಂದ ಕತ್ತಿ ಬಿಟ್ಟು ಉಗುರಿನಿಂದಲೇ ಗಂಟುಗಳನ್ನು ಕಿತ್ತ. ಗಂಟುಗಳೇನೋ ಹೋದವು, ಜೊತೆಯಲ್ಲಿ ಮರಳಿ ಬರುವ ನರವೂ ಹರಿದುಹೋಯಿತು. ಹುಡುಗ ಗುಣಮುಖನಾದ, ಮೂಕನಾದ. ಇನ್ನೊಬ್ಬ ಹುಡುಗನಿಗೆ ಒಂದೇ ಪಕ್ಕದ ನರ ಹೋಗಿ ಅರ್ಧ ದನಿ ಉಳಿಯಿತು.

ಅರ್ಧ ದನಿ ಎಂದರೇನೆಂದು ನನಗೆ ಗೊತ್ತು. ನಾನು ಮಿಡ್ಲ್ ಸ್ಕೂಲಿನಲ್ಲಿದ್ದಾಗ ನನ್ನ ಸೋದರತ್ತೆಯವರಿಗೆ ಗಳಗಂಡ ಬೆಳೆದು ಆಪರೇಷನ್ ಆಯಿತು. ಅವರು ನಮ್ಮ ಬಳಗದಲ್ಲಿ ಹಾಡಿಗೆ ಹೆಸರಾದವರು. ಮದುವೆಯಲ್ಲಿ ಹಸೆಗೆ ಕರೆಯಬೇಕಾದರೆ ಅವರೇ ಬಾಯಿ ತೆರೆಯಬೇಕು, ಮಿಕ್ಕವರು ಹಿಂದೆ ದನಿಗೂಡಿಸಬೇಕು. ಆಸ್ಪತ್ರೆಯಿಂದ ಬಂದ ಮೇಲೆ ಅವರ ದನಿ ಒಣಗಿದ ತೆಂಗಿನ ಗರಿ ನೆಲಕ್ಕೆ ಉಜ್ಜಿದಂತಾಗಿತ್ತು. ಮಾತಿಗೆ ಸಾಕು, ಹಾಡಿಗೆ ಸಾಲದು. ಮುಂದಿನ ಮದುವೆಯಲ್ಲಿ ಆರತಿಯ ತಟ್ಟೆ ಹಿಡಿದು ನಿಂತರು, ಹುಡುಗಿಯರು ಹಾಡಿದರು. “ಅತ್ತೆ, ಯಾಕೆ ಹಾಡಲಿಲ್ಲ?” ಎಂದು ನಾನು ಹುಡುಗುಬುದ್ಧಿಯಿಂದ ಕೇಳಿಬಿಟ್ಟೆ. “ಕೊರಳು ಹೋಯ್ತಲ್ಲೋ ಮಗು” ಎಂದರು. ಮನೆಯವರು ದೃಷ್ಟಿ ತಾಗಿತೆಂದರು, ಕೆಲವರು ವೈದ್ಯರನ್ನು ಬೈದರು. ವೈದ್ಯರನ್ನು ನಾನು ಈಗ ಬೈಯಲಾರೆ. ಗಳಗಂಡ ಬೆಳೆಯುವ ಗ್ರಂಥಿಯ ಬೆನ್ನಿಗೆ ಅಂಟಿಕೊಂಡೇ ಆ ನರ ಮೇಲೇರುತ್ತದೆ. ಗಂಟೇ ದೊಡ್ಡದಾದರೆ ಅದನ್ನು ತನ್ನ ಜಾಗದಿಂದ ತಳ್ಳಿರುತ್ತದೆ. ಇಂದು ಆಪರೇಷನ್ನಿನ ನಡುವೆ ಆ ನರವನ್ನು ವಿದ್ಯುತ್ತಿನಿಂದ ತಟ್ಟಿ ಅದು ಜೀವಂತವಾಗಿದೆಯೇ ಎಂದು ನೋಡಿಕೊಳ್ಳುವ ಉಪಕರಣಗಳು ಬಂದಿವೆ. ಆದರೂ ಅಪಾಯ ಪೂರ್ತಿ ಹೋಗಿಲ್ಲ. ಅತ್ತೆಯವರ ಉತ್ತರದಲ್ಲಿ ಒಂದು ಭಾಷಾಸ್ವಾರಸ್ಯವಿತ್ತೆಂಬುದು ನನಗೆ ಹೊಳೆದದ್ದು ಮೊನ್ನೆ ಗೇಲನ್ನನನ್ನು ಓದುವಾಗ. ಕನ್ನಡದಲ್ಲಿ ಕೊರಳೆಂದರೆ ಕತ್ತೂ ಹೌದು, ದನಿಯೂ ಹೌದು.

ನಮ್ಮ ಪ್ರಾಚೀನರು ಇದನ್ನು ಗಮನಿಸಿರಲಿಲ್ಲವೆ? ಗಮನಿಸಿದ್ದರು. ಸುಶ್ರುತಸಂಹಿತೆಯ ಶಾರೀರಸ್ಥಾನದಲ್ಲಿ ದೇಹದ 107 ಮರ್ಮಗಳನ್ನು ಎಣಿಸಿದೆ. ಅವುಗಳಲ್ಲಿ 37 ಕತ್ತು ಮತ್ತು ತಲೆಯಲ್ಲೇ ಇವೆ. ಕಂಠನಾಳದ ಎರಡು ಪಕ್ಕಗಳಲ್ಲಿ ಎರಡು ನೀಲಾ, ಎರಡು ಮನ್ಯಾ ಎಂದು ನಾಲ್ಕು ಧಮನಿಗಳು. ಅಲ್ಲಿ ಪೆಟ್ಟಾದರೆ ಮೂಕತನ, ಸ್ವರ ಕೆಡುವುದು, ರುಚಿ ತಿಳಿಯದಿರುವುದು. ಕತ್ತಿನ ಒಂದೊಂದು ಪಕ್ಕದಲ್ಲಿ ನಾಲ್ಕು ನಾಲ್ಕು ಮಾತೃಕೆಗಳೆಂಬ ಸಿರೆಗಳು. ಅಲ್ಲಿ ಪೆಟ್ಟಾದರೆ ಕೂಡಲೇ ಮರಣ. ಅಂಗವಿಕಲತೆ ತರುವ ಮರ್ಮ ಬೇರೆ, ಪ್ರಾಣ ತೆಗೆಯುವ ಮರ್ಮ ಬೇರೆ ಎಂದು ವಿಂಗಡಿಸಿದ್ದನ್ನು ನೋಡಿದರೆ ಇದು ಗಾಯಗಳನ್ನು ಕಣ್ಣಾರೆ ಕಂಡವರ ಬರಹವೆಂಬುದರಲ್ಲಿ ಸಂದೇಹವಿಲ್ಲ. ಶವವನ್ನು ಹುಲ್ಲಿನಲ್ಲಿ ಸುತ್ತಿ, ಪಂಜರದಲ್ಲಿಟ್ಟು, ನೀರಿನಲ್ಲಿ ಏಳು ರಾತ್ರಿ ನೆನೆಸಿ, ಪದರ ಪದರವಾಗಿ ಉಜ್ಜಿ ತೆಗೆದು ನೋಡಬೇಕೆಂಬ ವಿಧಿಯೂ ಅದೇ ಗ್ರಂಥದಲ್ಲಿದೆ. ಹಾಗೆಂದು ನೀಲಾ ಎಂದರೆ ಇದೇ, ಮನ್ಯಾ ಎಂದರೆ ಅದೇ ಎಂದು ಇಂದಿನ ನಕ್ಷೆಯ ಮೇಲೆ ಬೆರಳಿಟ್ಟು ತೋರಿಸುವ ಉತ್ಸಾಹ ನನಗಿಲ್ಲ. ಕೂದಲೆಳೆಯಂಥ ನರ ಏಳು ರಾತ್ರಿ ನೆನೆದ ದೇಹದಲ್ಲಿ ಉಳಿಯುವಂಥದಲ್ಲ. ಫಲ ಕಂಡಿತ್ತು, ಕಾರಣ ಕಂಡಿರಲಿಲ್ಲ. ನಮ್ಮ ಆಡುಮಾತಿನ ‘ನರ’ವೂ ಹಾಗೆಯೇ, ರಕ್ತನಾಳಕ್ಕೂ ನರ, ಹುರಿಗೂ ನರ, ಮಿದುಳಿನ ತಂತುವಿಗೂ ನರ. ಗ್ರೀಕರ ನ್ಯೂರಾನ್ ಕೂಡ ಮೊದಲು ಹುರಿ ಎಂಬರ್ಥದ್ದೇ. ಧಮನಿ ಎಂಬುದಾದರೋ ಊದುವುದು ಎಂಬ ಧಾತುವಿನಿಂದ ಬಂದದ್ದು. ಗ್ರೀಕರೂ ಧಮನಿಯಲ್ಲಿ ಗಾಳಿ ಓಡುತ್ತದೆಂದೇ ಬಹುಕಾಲ ನಂಬಿದ್ದರು. ಅಲ್ಲಿರುವುದು ರಕ್ತವೆಂದು ಪ್ರಯೋಗದಿಂದ ತೋರಿಸಿದವನೂ ಇದೇ ಗೇಲನ್.

ಇಲ್ಲಿಯವರೆಗೆ ಓದಿದ ನಾನು ಮಿತ್ರರಿಗೆ ತೀರ್ಪು ಹೇಳಲು ಸಿದ್ಧನಾಗಿದ್ದೆ: ನಿದ್ದೆಯ ಹೆಸರು ಹುಸಿ, 1900 ವರ್ಷಗಳ ಹಿಂದೆಯೇ ರದ್ದಾಗಿದೆ, ತಪ್ಪನ್ನು ಕನ್ನಡಕ್ಕೆ ಅನುವಾದಿಸುವುದು ಬೇಡ. ಅರಬ್ಬರು ಅನುವಾದಿಸಿದರು, ಅರಬ್ಬಿಯಲ್ಲಿ ಇದು ಇಂದಿಗೂ ಶಿರ್ಯಾನ್ ಸುಬಾತೀ, ಜಡನಿದ್ರೆಯ ಧಮನಿ. ರಷ್ಯನ್ನರೂ ಸೋನ್ನಯ ಆರ್ತೇರಿಯ ಎಂದು ನಿದ್ದೆಯನ್ನೇ ಉಳಿಸಿಕೊಂಡರು. ನಾವಾದರೂ ಎಚ್ಚರವಾಗಿರೋಣ ಎಂದುಕೊಂಡೆ. ಪುಣ್ಯಕ್ಕೆ ಮುಂದಿನ ಪುಟಗಳನ್ನೂ ಓದಿದೆ.

ಗೇಲನ್ ಕುಯ್ದದ್ದು ಹಂದಿ, ಆಡು, ಎತ್ತು, ಕೋತಿಗಳನ್ನು, ಮನುಷ್ಯರನ್ನಲ್ಲ. ಎತ್ತು ಆಡುಗಳಲ್ಲಿ ಮಿದುಳಿಗೆ ರಕ್ತ ಹೋಗುವ ಏರ್ಪಾಡೇ ಬೇರೆ. ಅವುಗಳ ಮಿದುಳಿನ ಬುಡದಲ್ಲಿ ಸಣ್ಣ ಧಮನಿಗಳದೊಂದು ಬಲೆಯಿದೆ. ಬೆನ್ನೆಲುಬಿನ ಪಕ್ಕದ ಧಮನಿಗಳ ನೆರವೂ ಉಂಟು. ಗೇಲನ್ ಆ ಅದ್ಭುತ ಜಾಲ ಮನುಷ್ಯನಲ್ಲೂ ಇದೆಯೆಂದು ಬರೆದ, ಜಗತ್ತು 1300 ವರ್ಷಕ್ಕೂ ಹೆಚ್ಚು ಕಾಲ ನಂಬಿತು. ಇಟಲಿಯ ಬೆರೆಂಗಾರಿಯೊ 1520ರ ದಶಕದ ಆದಿಯಲ್ಲಿ ತನಗೆ ಅದು ಕಾಣಲಿಲ್ಲವೆಂದ. ವೆಸೇಲಿಯಸ್ 1543ರ ತನ್ನ ಮಹಾಗ್ರಂಥದಲ್ಲಿ ಇಲ್ಲವೆಂದೇ ಹೇಳಿದ. ಹೀಗಿರುವಾಗ ಆಡಿಗೆ ಮಂಪರು ಬರದಿದ್ದ ಮಾತ್ರಕ್ಕೆ ಮನುಷ್ಯನಿಗೂ ಬಾರದೆ? 1943ರಲ್ಲಿ ಅಮೆರಿಕದಲ್ಲಿ ಮೂವರು ವೈದ್ಯವಿಜ್ಞಾನಿಗಳು ಸ್ವಯಂಸೇವಕರ ಕತ್ತಿಗೆ ಗಾಳಿ ತುಂಬುವ ಪಟ್ಟಿ ಕಟ್ಟಿ, ಶ್ವಾಸ ನಿಲ್ಲದಂತೆ ರಕ್ತವನ್ನು ಮಾತ್ರ ತಡೆದು ನೋಡಿದರು. ಸ್ವಯಂಸೇವಕರಲ್ಲಿ ಬಹುಮಂದಿ ಸೆರೆಮನೆಯವರೆಂಬುದನ್ನು ಹೇಳಿಬಿಡಬೇಕು. ಹಂದಿಯ ಸ್ಥಾನಕ್ಕೆ ಯಾರನ್ನು ತಂದು ನಿಲ್ಲಿಸುತ್ತಾರೆಂಬುದು ಕಾಲಕಾಲಕ್ಕೆ ಬದಲಾಗುತ್ತದೆ. ಐದರಿಂದ ಹತ್ತು ಸೆಕೆಂಡಿನೊಳಗೆ ಕಣ್ಣು ನೆಟ್ಟು, ಸ್ಮೃತಿ ಹೋಯಿತು. ಅರಿಸ್ಟಾಟಲ್ ಬರೆದಂತೆಯೇ, ಉಸಿರು ಕಟ್ಟದೆಯೇ. ಜೂಡೊ ಕಲಿತವರಿಗೆ ಇದು ಮೊದಲೇ ಗೊತ್ತಿತ್ತು.

ಎಂದರೆ, ಹಳಬರು ಕಂಡದ್ದು ಎರಡು ಲಕ್ಷಣಗಳನ್ನು: ನಿದ್ದೆ ಕವಿಯಿತು, ದನಿ ಹೋಯಿತು. ಅವರು ಎರಡಕ್ಕೂ ಧಮನಿಯನ್ನೇ ಹೊಣೆ ಮಾಡಿದರು. ರೂಫಸನೂ ಗೇಲನ್ನನೂ ಎರಡನ್ನೂ ನರದ ಲೆಕ್ಕಕ್ಕೆ ಬರೆದರು. ದನಿ ನರದ್ದು ಎಂಬಲ್ಲಿ ಗೇಲನ್ ಗೆದ್ದ; ನಿದ್ದೆ ಧಮನಿಯದು ಎಂಬಲ್ಲಿ ಹೆಸರಿಲ್ಲದ ಆ ಹಳಬರೇ ಗೆದ್ದರು. ಒಂದು ಅಂಶದಲ್ಲಿ ಸೋತ ಮಾತು ಎಲ್ಲ ಅಂಶಗಳಲ್ಲೂ ಸೋತಿತೆಂದು ನಾವು ಎಷ್ಟು ಬೇಗ ಕಡತ ಮುಚ್ಚುತ್ತೇವೆ!

ಕಥೆ ಅಷ್ಟಕ್ಕೂ ಮುಗಿಯುವುದಿಲ್ಲ. ಇಂಗ್ಲೆಂಡಿನ ಬಾತ್ ನಗರದ ವೈದ್ಯ ಪ್ಯಾರಿ 1799ರಲ್ಲಿ ಒಂದು ಪುಸ್ತಕ ಪ್ರಕಟಿಸಿದ. ಅದರಲ್ಲಿ ಕತ್ತಿನ ಧಮನಿಯನ್ನು ಒತ್ತಿದರೆ ಓಡುವ ಹೃದಯ ನಿಧಾನವಾಗುತ್ತದೆಂಬ ಮಾತು ಬರುತ್ತದೆ. ಏಕೆಂದು ಗೊತ್ತಾಗಲಿಲ್ಲ. 1866ರಲ್ಲಿ ಚೆರ್ಮಾಕ್ ಎಂಬವನು ತನ್ನ ಕತ್ತನ್ನೇ ಒತ್ತಿಕೊಂಡು, ಪಕ್ಕದ ವೇಗಸ್ ನರ ಅದುಮಿದ್ದರಿಂದ ಹೀಗಾಗುತ್ತದೆಂದ. ಮತ್ತೆ ನರವೇ ಆರೋಪಿ! ಜರ್ಮನಿಯ ಕಲೋನಿನಲ್ಲಿ ಹೆರಿಂಗ್ 1923ರ ಸುಮಾರಿಗೆ ಇದನ್ನು ತಿದ್ದಿದ. ಧಮನಿ ಎರಡು ಕವಲಾಗುವ ಜಾಗದಲ್ಲಿ, ಗಂಟಲಿನ ಉಬ್ಬಿನ ಮೇಲಂಚಿನ ಮಟ್ಟದಲ್ಲಿ, ಅದು ಸ್ವಲ್ಪ ಉಬ್ಬಿಕೊಂಡಿದೆ. ಆ ಉಬ್ಬಿನ ಗೋಡೆಯೇ ರಕ್ತದ ಒತ್ತಡವನ್ನು ಅಳೆಯುವ ಕಾವಲುಗಾರ. ಹೊರಗಿನಿಂದ ಬೆರಳೊತ್ತಿದರೂ ಒತ್ತಡ ಏರಿತೆಂದೇ ಭ್ರಮಿಸಿ ಮಿದುಳಿಗೆ ಸುದ್ದಿ ಮುಟ್ಟಿಸುತ್ತದೆ. ಮಿದುಳು ಹೃದಯದ ಲಗಾಮು ಎಳೆಯುತ್ತದೆ. ಕೆಲವು ವೃದ್ಧರಲ್ಲಿ ಈ ಕಾವಲುಗಾರ ಅತಿ ಸೂಕ್ಷ್ಮ. ಬಿಗಿಯಾದ ಕಾಲರು, ಗಡ್ಡ ಹೆರೆಯುವಾಗಿನ ಒತ್ತು, ಥಟ್ಟನೆ ತಲೆ ತಿರುಗಿಸಿದ್ದು ಇಷ್ಟಕ್ಕೇ ಕಣ್ಣು ಕತ್ತಲಿಟ್ಟು ಬೀಳುತ್ತಾರೆ. ಪಕ್ಕದಲ್ಲೇ ಅಕ್ಕಿಕಾಳಿನಷ್ಟು ದೊಡ್ಡದಾದ ಇನ್ನೊಂದು ಅಂಗ ರಕ್ತದ ಆಮ್ಲಜನಕವನ್ನು ರುಚಿ ನೋಡುತ್ತಿರುತ್ತದೆ. ಮ್ಯಾಡ್ರಿಡ್ಡಿನ ಡಿ ಕಾಸ್ಟ್ರೊ ಸೂಕ್ಷ್ಮದರ್ಶಕದಲ್ಲಿ ಅದರ ರಚನೆ ಕಂಡ. ಬೆಲ್ಜಿಯಂನ ಹೇಮಾನ್ಸ್ ಅದು ಉಸಿರಾಟವನ್ನು ಹೇಗೆ ನಡೆಸುತ್ತದೆಂದು ತೋರಿಸಿ 1938ರ ನೊಬೆಲ್ ಪಾರಿತೋಷಕ ಪಡೆದ. ಈ ಸಂದರ್ಭದಲ್ಲಿ ಒಂದು ಮಾತು. ಚೌರದಂಗಡಿಯಲ್ಲಿ ಕೆಲಸ ಮುಗಿಸಿ ತಲೆ ಹಿಡಿದು ಎರಡು ಕಡೆಗೂ ಲಟಕ್ಕೆನ್ನಿಸಿ ನಟಿಕೆ ತೆಗೆಸಿಕೊಳ್ಳುವ ಸುಖವನ್ನು ನಾನೂ ಅನುಭವಿಸಿದವನೇ. ಹಾಗೆ ತಿರುಚಿದಾಗ ಕತ್ತಿನ ಧಮನಿಯ ಒಳಪದರ ಹರಿದು ಲಕ್ವ ಹೊಡೆದ ಪ್ರಸಂಗಗಳು ವೈದ್ಯಪತ್ರಿಕೆಗಳಲ್ಲಿ ದಾಖಲಾಗಿವೆಯೆಂದು ತಿಳಿದ ಮೇಲೆ ಆ ಸುಖವನ್ನು ಬಿಟ್ಟಿದ್ದೇನೆ.

ಶಸ್ತ್ರವೈದ್ಯರ ಅಧ್ಯಾಯವನ್ನು ಬೇಗ ಹೇಳಿಬಿಡುತ್ತೇನೆ. 1803ರಲ್ಲಿ ಟೊನೆಂಟ್ ಎಂಬ ಬ್ರಿಟಿಷ್ ಯುದ್ಧನೌಕೆಯಲ್ಲಿ ಸೇವಕನೊಬ್ಬ ಕತ್ತು ಕೊಯ್ದುಕೊಂಡ. ಕೆಲ ದಿನಗಳ ಮೇಲೆ ಧಮನಿ ಒಡೆದಾಗ ನೌಕೆಯ ವೈದ್ಯ ಫ್ಲೆಮಿಂಗ್ ಅದನ್ನು ಕಟ್ಟಿದ, ರೋಗಿ ಬದುಕಿದ. ಲಂಡನ್ನಿನ ಆಸ್ಟ್ಲಿ ಕೂಪರ್ 1805ರಲ್ಲಿ ಧಮನಿಯ ಊತಕ್ಕಾಗಿ ಕಟ್ಟಿದ ಹೆಂಗಸಿಗೆ ಪಾರ್ಶ್ವವಾಯು ಬಡಿದು ವಾರಗಳಲ್ಲೇ ತೀರಿಕೊಂಡಳು. 1808ರಲ್ಲಿ ಕಟ್ಟಿದ ಗಂಡಸು 13 ವರ್ಷ ಬದುಕಿದ. ಒಬ್ಬರಿಗೆ ಹಾಗೆ, ಒಬ್ಬರಿಗೆ ಹೀಗೆ ಏಕೆ? ಮಿದುಳಿನ ಬುಡದಲ್ಲಿ ನಾಲ್ಕು ಧಮನಿಗಳ ಕವಲುಗಳು ಕೈಕೈ ಹಿಡಿದು ಮಾಡಿದ ಒಂದು ಉಂಗುರವಿದೆ. ವಿಲಿಸ್ ಎಂಬವನು 1664ರಲ್ಲೇ ಅದರ ಉಪಯೋಗವನ್ನು ವಿವರಿಸಿದ್ದ. ಚಿತ್ರ ಬರೆದುಕೊಟ್ಟವನು, ಮುಂದೆ ಲಂಡನ್ನಿನ ಸೇಂಟ್ ಪಾಲ್ ದೇವಾಲಯವನ್ನು ಕಟ್ಟಿದ ಕ್ರಿಸ್ಟೊಫರ್ ರೆನ್. ಉಂಗುರ ಪೂರ್ಣವಾಗಿದ್ದವರಿಗೆ ಒಂದು ಧಮನಿ ಮುಚ್ಚಿದರೂ ಬದುಕು ಸಾಗುತ್ತದೆ. ಎಲ್ಲರಿಗೂ ಅದು ಪೂರ್ಣವಾಗಿರುವುದಿಲ್ಲ. 1951ರಲ್ಲಿ ಕೆನಡದ ಮಿಲ್ಲರ್ ಫಿಷರ್, ಲಕ್ವ ಹೊಡೆದ ಹಲವರಲ್ಲಿ ಮೂಲದೋಷವಿರುವುದು ತಲೆಯಲ್ಲಲ್ಲ, ಕತ್ತಿನ ಈ ಕವಲಿನಲ್ಲಿ ಕಟ್ಟಿಕೊಂಡ ಜಿಡ್ಡಿನಲ್ಲಿ ಎಂದು ತೋರಿಸಿದ. 1953ರಲ್ಲಿ ಅಮೆರಿಕದ ಹ್ಯೂಸ್ಟನ್ನಿನಲ್ಲಿ ಧಮನಿಯನ್ನು ಸೀಳಿ ಆ ಜಿಡ್ಡನ್ನು ತೆಗೆದು ಹೊಲಿದರು, ಮರುವರ್ಷ ಲಂಡನ್ನಿನವರು ಜಿಡ್ಡುಗಟ್ಟಿದ ತುಂಡನ್ನೇ ಕತ್ತರಿಸಿ ತೆಗೆದು ಎರಡು ತುದಿಗಳನ್ನು ಕೂಡಿಸಿದರು. ಇಂದು ಅದು ದೊಡ್ಡ ಆಸ್ಪತ್ರೆಗಳ ನಿತ್ಯದ ಕೆಲಸ.

ಇಷ್ಟನ್ನೆಲ್ಲ ತಲೆಯಲ್ಲಿ ತುಂಬಿಕೊಂಡು ವಾರದ ಮೇಲೆ ಮಿತ್ರರ ಮೇಜಿಗೆ ಹೋದೆ. ಮನ್ಯಾ ಧಮನಿ ಎನ್ನಬಹುದು, ಹಿಂದಿಯಲ್ಲಿ ಹಾಗೆ ಬಳಸಿದವರುಂಟು. ಆದರೆ ಅದನ್ನು ನಮ್ಮ ಹುಡುಗರಿಗೆ ಮತ್ತೆ ಬಿಡಿಸಿ ಹೇಳಬೇಕು. ನಿಮ್ಮ ನಿದ್ರಾಧಮನಿಯನ್ನು ಹೊಡೆದುಹಾಕಲು ಬಂದವನು ಅದನ್ನು ‘ನಿದ್ದೆಯ ಧಮನಿ’ ಎಂದು ತಿಳಿಗನ್ನಡಕ್ಕೆ ಇಳಿಸಿ ಉಳಿಸಿಕೊಳ್ಳಿರೆಂದು ಹೇಳುತ್ತೇನೆ, ಆದರೆ ಆ ಮರಳಿ ಬರುವ ನರವಿದೆಯಲ್ಲ, ಅದಕ್ಕೆ ‘ಕೊರಳನರ’ ಎಂದು ಹಾಕಿ. ಕತ್ತಿನದೂ ಆಯಿತು, ದನಿಯದೂ ಆಯಿತು ಎಂದೆ. ಅವರು ಕನ್ನಡಕ ತೆಗೆದು ಯೋಚಿಸಿದರು. “ಕೊರಳನರ ಚೆನ್ನಾಗಿದೆ, ಹಾಕ್ತೀನಿ. ನಿದ್ದೆಯದು ಬೇಡ ಮೇಷ್ಟ್ರೇ, ಹಾಗೇ ಕ್ಯಾರೊಟಿಡ್ ಅಂತ ಬಿಟ್ಟುಬಿಡ್ತೀನಿ. ನನ್ನ ಕ್ಲಾಸು ಮಧ್ಯಾಹ್ನ ಊಟ ಆದ ಮೇಲೆ. ನಿದ್ದೆ ಅಂತ ಬೋರ್ಡಿನ ಮೇಲೆ ಬರೆದರೆ ಹಿಂದಿನ ಬೆಂಚಿನವರಿಗೆ ಅಷ್ಟೇ ಸಾಕು” ಎಂದರು.